ಈಚಲ ಮರದ ಕೆಳಗಿನ ಮಜ್ಜಿಗೆ

ಪಾನಗೃಹವೊಂದನ್ನು ಕುರಿತು ಈ ಸ್ತಂಭದಲ್ಲಿ ನಾಲ್ಕು ಒಳ್ಳೆಯ ಮಾತುಗಳನ್ನು ಬರೆಯುವ ಪ್ರಸಂಗ ಬಂದೀತೆಂದು ನಾವು ಎಣಿಸಿರಲಿಲ್ಲ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕವು ಅದನ್ನು ಹೆಂಡವೆಂದೇ ಆಡಿಕೊಳ್ಳುತ್ತದೆಂಬುದನ್ನು ನಮ್ಮ ವಾಚಕರು ಬಲ್ಲರು, ನಾವೂ ಬಲ್ಲೆವು. ಆದುದರಿಂದ ಮೊದಲೇ ಸ್ಪಷ್ಟಪಡಿಸಿಬಿಡುತ್ತೇವೆ: ಕುಡಿತದ ವಿಷಯದಲ್ಲಿ ನಮ್ಮ ಅಭಿಪ್ರಾಯವು ಕೂದಲೆಳೆಯಷ್ಟೂ ಬದಲಾಗಿಲ್ಲ. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲ ಮರಗಳಿಗೆ ಕೊಡಲಿಯಿಟ್ಟು ಸೆರೆಮನೆ ಕಂಡ ಸತ್ಯಾಗ್ರಹಿಗಳನ್ನು ನಾವು ಮರೆತಿಲ್ಲ. ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರವು ಯತ್ನಿಸತಕ್ಕದ್ದೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿರುವುದನ್ನೂ ಮರೆತಿಲ್ಲ. ಹೀಗಿದ್ದೂ ಲಂಡನ್ ನಗರದ ಒಂದು ಪಾನಗೃಹದ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತಿರುವುದೇಕೆಂದರೆ, ಅದರಲ್ಲಿ ಹೆಂಡಕ್ಕಿಂತ ದೊಡ್ಡದಾದ ಒಂದು ಪ್ರಶ್ನೆ ಅಡಗಿದೆ. ಊರಿನ ಹತ್ತು ಜನ ಕೂಡುವ ಮನೆ ಯಾರದು ಎಂಬುದೇ ಆ ಪ್ರಶ್ನೆ.

ಆಂಗ್ಲರು ‘ಪಬ್’ ಎಂದು ಕರೆಯುವುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಎಂದರೆ ಸಾರ್ವಜನಿಕರ ಮನೆ. ನಮ್ಮ ಕಡೆಯ ಸಾರಾಯಿ ಅಂಗಡಿಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಊಹಿಸಿದರೆ ತಪ್ಪಾದೀತು. ಅಲ್ಲಿ ಕುಡಿತವುಂಟು, ನಿಜ. ಆದರೆ ಊಟವೂ ಉಂಟು, ಸಭೆಯೂ ಉಂಟು, ಸಂಗೀತವೂ ಉಂಟು. ಮದುವೆಯ ಸಂಭ್ರಮವೂ ಉಂಟು, ಮಣ್ಣು ಮಾಡಿ ಬಂದವರು ಸತ್ತವನನ್ನು ನೆನೆಯುವುದೂ ಉಂಟು. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಯೂ ಚಾವಡಿಯೂ ದೇವಸ್ಥಾನದ ಜಗಲಿಯೂ ಮಾಡಿಕೊಂಡು ಬಂದ ಕೆಲಸದ ಬಹುಭಾಗವನ್ನು ಆ ಚಳಿಯ ದೇಶದಲ್ಲಿ ಒಲೆಯ ಬೆಚ್ಚಗಿರುವ ಈ ಮನೆಗಳು ಮಾಡಿದವು.

ಆದರೆ ಹೆಸರಿಗೆ ಸಾರ್ವಜನಿಕರದಾದ ಈ ಮನೆ ಒಡೆತನದಲ್ಲಿ ಎಂದೂ ಸಾರ್ವಜನಿಕರದಾಗಿರಲಿಲ್ಲ. ಬಹುಕಾಲ ಅವುಗಳಲ್ಲಿ ಹೆಚ್ಚಿನವು ಬಿಯರು ತಯಾರಿಸುವ ದೊಡ್ಡ ಕಾರ್ಖಾನೆಗಳ ಸ್ವತ್ತಾಗಿದ್ದವು. 1989ರಲ್ಲಿ ಅಲ್ಲಿನ ಸರ್ಕಾರವು ಆ ಕಾರ್ಖಾನೆಗಳ ಹಿಡಿತವನ್ನು ಸಡಿಲಿಸಲು ಆಜ್ಞೆ ಹೊರಡಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಕಾರ್ಖಾನೆಗಳು ಕೈಬಿಟ್ಟ ಮನೆಗಳನ್ನು ಬೃಹತ್ ಆಸ್ತಿ ಕಂಪನಿಗಳು ಸಾವಿರಗಟ್ಟಲೆಯಾಗಿ ಕೊಂಡುಕೊಂಡವು. ಧಣಿಗಳು ಬದಲಾದರೇ ಹೊರತು ಒಕ್ಕಲಿನ ಪಾಡು ಬದಲಾಗಲಿಲ್ಲ. ಸಾಲದ ಹೊರೆ ಹೊತ್ತ ಆ ಕಂಪನಿಗಳ ಕಣ್ಣಿಗೆ ಪಾನಗೃಹವು ಮನೆಯಾಗಿ ಕಾಣದೆ ನಿವೇಶನವಾಗಿ ಕಂಡಿತು. ಒಳಗೆ ಕುಳಿತು ಹಾಡುವವರಿಂದ ಬರುವ ಆದಾಯಕ್ಕಿಂತ ಅವರನ್ನು ಹೊರಗೆ ಕಳುಹಿಸಿ ಆ ಜಾಗವನ್ನು ವಾಸದ ಕೊಠಡಿಗಳಾಗಿ ಮಾರುವುದರಿಂದ ಬರುವ ಹಣ ಹೆಚ್ಚು. ಲೆಕ್ಕ ಸರಿಯಾದ ಲೆಕ್ಕವೇ. ಆದರೆ ಊರಿನ ಜನರ ಹೆಸರಿಗೆ ಆ ಖಾತೆಯಲ್ಲಿ ಒಂದು ಸಾಲೂ ಇರಲಿಲ್ಲ.

ಲಂಡನ್ನಿನ ದಕ್ಷಿಣಕ್ಕೆ ನನ್‌ಹೆಡ್ ಎಂಬ ಬಡಾವಣೆಯಿದೆ. ಅಲ್ಲಿ 1930ರ ದಶಕದಲ್ಲಿ ಕಟ್ಟಿದ, ಓಕ್ ಮರದ ಹಲಗೆಗಳಿಂದ ಒಳಗೋಡೆಗಳನ್ನು ಸಿಂಗರಿಸಿದ ‘ಐವಿ ಹೌಸ್’ ಎಂಬ ಪಾನಗೃಹವಿದೆ. 1970ರ ದಶಕದಲ್ಲಿ, ಅದರ ಹೆಸರು ‘ನ್ಯೂಲ್ಯಾಂಡ್ಸ್ ಟ್ಯಾವರ್ನ್’ ಎಂದಿದ್ದಾಗ, ಮುಂದೆ ಬಹು ಪ್ರಸಿದ್ಧರಾದ ಇಯಾನ್ ಡ್ಯೂರಿ, ಜೋ ಸ್ಟ್ರಮರ್ ಮೊದಲಾದ ಗಾಯಕರು ಅದರ ಹಿಂಬದಿಯ ಸಭಾಂಗಣದಲ್ಲಿ ಹಾಡಿದ್ದರು. 2012ರಲ್ಲಿ ಒಡೆತನದ ಕಂಪನಿಯು ಅದನ್ನು ನಡೆಸುತ್ತಿದ್ದವರನ್ನು ಬಿಡಿಸಿ ಬಾಗಿಲು ಹಾಕಿತು. ಕಟ್ಟಡವು ಮನೆ ಕಟ್ಟಿ ಮಾರುವವರ ಕೈಸೇರುವುದರಲ್ಲಿತ್ತು. ಇಂತಹ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಮಾಡುವುದೇನು? ನಾಲ್ಕು ದಿನ ಮರುಗುವುದು, ಒಂದು ಅರ್ಜಿಗೆ ಸಹಿ ಹಾಕುವುದು, ಆಮೇಲೆ ಮರೆಯುವುದು. ನನ್‌ಹೆಡ್ಡಿನ ನಿವಾಸಿಗಳು ಹಾಗೆ ಮಾಡಲಿಲ್ಲ. ಮೊದಲು ಆ ಕಟ್ಟಡವನ್ನು ಐತಿಹಾಸಿಕ ಮಹತ್ವದ ಕಟ್ಟಡಗಳ ಪಟ್ಟಿಗೆ ಸೇರಿಸಿಸಿ ಕೆಡಹುವವರ ಕೈ ಕಟ್ಟಿದರು. ಆಮೇಲೆ ಆಗತಾನೆ ಜಾರಿಗೆ ಬಂದಿದ್ದ ಕಾಯಿದೆಯೊಂದನ್ನು ಕೈಗೆತ್ತಿಕೊಂಡರು.

ಆ ಕಾಯಿದೆಯ ಸ್ವರೂಪವನ್ನು ನಮ್ಮ ಶಾಸಕರು ಗಮನವಿಟ್ಟು ತಿಳಿಯಬೇಕು. 2011ರ ‘ಲೋಕಲಿಸಂ’ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಊರಿನ ಜನರು ತಮಗೆ ಉಪಯುಕ್ತವಾದ ಯಾವುದೇ ಕಟ್ಟಡವನ್ನು, ಅಂಗಡಿಯಾಗಲಿ ವಾಚನಾಲಯವಾಗಲಿ ಪಾನಗೃಹವಾಗಲಿ, ‘ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ’ ಎಂದು ಪಟ್ಟಿಯಲ್ಲಿ ನಮೂದಿಸಲು ಸ್ಥಳೀಯ ಪರಿಷತ್ತನ್ನು ಕೇಳಬಹುದು. ಒಮ್ಮೆ ನಮೂದಾದರೆ 5 ವರ್ಷಗಳ ಕಾಲ ಅದಕ್ಕೆ ಬಲವುಂಟು. ಒಡೆಯನು ಮಾರಬೇಕೆಂದರೆ ಮೊದಲು ಪರಿಷತ್ತಿಗೆ ತಿಳಿಸಬೇಕು. 6 ವಾರಗಳೊಳಗೆ ಊರಿನ ಸಂಘವೊಂದು ‘ಕೊಳ್ಳಲು ನಮಗೆ ಮನಸ್ಸಿದೆ’ ಎಂದರೆ, ತಿಳಿಸಿದ ದಿನದಿಂದ 6 ತಿಂಗಳವರೆಗೆ ಒಡೆಯನು ಆ ಸ್ವತ್ತನ್ನು ಬೇರೆಯವರಿಗೆ ಮಾರುವಂತಿಲ್ಲ. ಈ ರೀತಿಯಾಗಿ ಪಟ್ಟಿಗೆ ಸೇರಿದ ಪಾನಗೃಹಗಳಲ್ಲಿ ದೇಶಕ್ಕೆಲ್ಲ ಮೊದಲನೆಯದು ಐವಿ ಹೌಸ್.

ಆ ಕಾಯಿದೆ ಕೊಟ್ಟದ್ದು ಇಷ್ಟೇ ಎಂಬುದನ್ನು ವಾಚಕರು ಮನಗಾಣಬೇಕು. ಅದು ಹಣ ಕೊಡಲಿಲ್ಲ. ಊರಿನವರಿಗೇ ಮಾರು ಎಂದು ಒಡೆಯನನ್ನು ಬಲಾತ್ಕರಿಸಲೂ ಇಲ್ಲ. ಆರು ತಿಂಗಳು ಕಳೆದ ಮೇಲೆ ಒಡೆಯನು ತನಗೆ ಬೇಕಾದವರಿಗೆ ಮಾರಲು ಸ್ವತಂತ್ರ. ಅದು ಕೊಟ್ಟದ್ದು ಕಾಲಾವಕಾಶ ಮಾತ್ರ. ಆದರೆ ಕಾಲಾವಕಾಶವೆಂಬುದು ಅಲ್ಪ ವಸ್ತುವಲ್ಲ. ಹಣವುಳ್ಳವನು ಒಂದು ದಿನದಲ್ಲಿ ನಿಶ್ಚಯಿಸಬಲ್ಲ. ನೂರಾರು ಮಂದಿ ಅಲ್ಪಸ್ವಲ್ಪ ಉಳ್ಳವರು ಕೂಡಿ ನಿಶ್ಚಯಿಸುವುದಕ್ಕೆ ತಿಂಗಳುಗಳು ಬೇಕು. ಬಡವನಿಗೂ ಬಲ್ಲಿದನಿಗೂ ನಡುವೆ ಇರುವ ಈ ಅಂತರವನ್ನು ಅರಿತು ನಡೆದುಕೊಂಡ ಕಾಯಿದೆಯನ್ನು ನಾವು ನ್ಯಾಯವಾದ ಕಾಯಿದೆ ಎನ್ನುತ್ತೇವೆ.

ಹನಿಹನಿಗೂಡಿದರೆ ಹಳ್ಳ. 371 ಮಂದಿ ಪಾಲುದಾರರು ಐವಿ ಹೌಸಿಗೆ ಹಣ ಹೂಡಿದರು. ಅವರ ಪಾಲುಹಣವೊಂದೇ ಸಾಲಲಿಲ್ಲ. ಪುರಾತನ ಕಟ್ಟಡಗಳ ರಕ್ಷಣೆಗೆಂದಿರುವ ನಿಧಿಯಿಂದ ಸಾಲವನ್ನೂ ಸಹಾಯಧನವನ್ನೂ ಕೂಡಿಸಿ 2013ರಲ್ಲಿ ಕಟ್ಟಡವನ್ನು ಕೊಂಡು, ಅದೇ ವರ್ಷ ಆಗಸ್ಟಿನಲ್ಲಿ ಬಾಗಿಲು ತೆರೆದರು. ಲಂಡನ್ ನಗರದಲ್ಲಿ ಸಹಕಾರ ತತ್ತ್ವದ ಒಡೆತನಕ್ಕೆ ಬಂದ ಮೊದಲ ಪಾನಗೃಹ ಅದು. ಹೆಚ್ಚು ಹಣ ಹಾಕಿದವನಿಗೆ ಹೆಚ್ಚು ಮತವಿಲ್ಲ. ಒಬ್ಬನಿಗೆ ಒಂದೇ ಮತ. 1844ರಲ್ಲಿ ರಾಕ್‌ಡೇಲ್ ಎಂಬ ನೇಕಾರರ ಊರಿನಲ್ಲಿ 28 ಮಂದಿ ಶ್ರಮಜೀವಿಗಳು ತಲೆಗೊಂದು ಪೌಂಡು ಕೂಡಿಸಿ ಕಿರಾಣಿ ಅಂಗಡಿ ಇಟ್ಟಾಗ ಹಾಕಿದ ಪದ್ಧತಿಯೇ ಇದು. ಆ 28 ಮಂದಿ ಹಿಟ್ಟು ಬೆಣ್ಣೆ ಮಾರಿದ್ದಷ್ಟೇ ಅಲ್ಲ, ಕೆಲವೇ ವರ್ಷಗಳಲ್ಲಿ ಅಂಗಡಿಯ ಮೇಲಂತಸ್ತಿನಲ್ಲಿ ವಾಚನಾಲಯವನ್ನೂ ತೆರೆದಿದ್ದರು.

ಬಾಗಿಲು ತೆರೆದ ಐವಿ ಹೌಸಿನ ಹಳೆಯ ಸಭಾಂಗಣದಲ್ಲಿ ಮತ್ತೆ ಹಾಡು ಕೇಳಿತು. ಜಾನಪದ ಗಾಯನ, ಜಾಝ್ ವಾದ್ಯಗೋಷ್ಠಿ, ಹಾಸ್ಯಗಾರರ ಕೂಟ. ಹಗಲಿನಲ್ಲಿ ನಮ್ಮ ದೇಶದ ಯೋಗಾಭ್ಯಾಸವೂ ಉಂಟು. ಮುಖಾಮುಖಿ ಹಾಡುವವನ ಮುಂದೆ ಕುಳಿತು ಕೇಳುವುದು ಕ್ಷುಲ್ಲಕ ವಿನೋದವೆಂದು ನಾವು ತಿಳಿದಿಲ್ಲ. ಕೈಯಲ್ಲಿರುವ ಯಂತ್ರದಲ್ಲಿ ಲೋಕದ ಸಂಗೀತವೆಲ್ಲ ಒಬ್ಬೊಬ್ಬನಿಗೆ ಬೇರೆಬೇರೆಯಾಗಿ ದೊರೆಯುವ ಈ ಕಾಲದಲ್ಲಿ, ಐವತ್ತು ಮಂದಿ ಒಂದೇ ಹಾಡಿಗೆ ಒಟ್ಟಿಗೆ ತಲೆದೂಗುವುದು ಸಮಾಜವನ್ನು ಹೊಲಿದು ಕೂಡಿಸುವ ಕೆಲಸ. ಯಕ್ಷಗಾನದ ಬಯಲನ್ನೂ ಭಜನೆಯ ಮನೆಯನ್ನೂ ಬಲ್ಲ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಪಾರ್ಲಿಮೆಂಟಿಗೂ ಇದು ತಡವಾಗಿ ಅರಿವಾಯಿತು. 2003ರ ಪರವಾನಗಿ ಕಾಯಿದೆಯು ಸಣ್ಣ ಮನೆಗಳಲ್ಲಿನ ಹಾಡಿಗೂ ಅಪ್ಪಣೆ ಬೇಡುವಂತೆ ಮಾಡಿ ಬಹು ಮಂದಿಯನ್ನು ಗೋಳಾಡಿಸಿತ್ತು. 2012ರ ಕಾಯಿದೆಯು ಆ ಕಟ್ಟನ್ನು ಸಡಿಲಿಸಿ, 200 ಮಂದಿಗೆ ಮೀರದ ಸಭೆಯ ಮುಂದೆ ರಾತ್ರಿ 11 ಗಂಟೆಯವರೆಗೆ ಹಾಡುವುದಕ್ಕೆ ಪ್ರತ್ಯೇಕ ಅಪ್ಪಣೆ ಬೇಡವೆಂದಿತು. ಆಮೇಲೆ ಆ ಮಿತಿಯನ್ನು 500ಕ್ಕೆ ಏರಿಸಿದರು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಗ್ರಾಮದವರು 2003ರಲ್ಲಿಯೇ ತಮ್ಮ ‘ಓಲ್ಡ್ ಕ್ರೌನ್’ ಎಂಬ ಮನೆಯನ್ನು ಸಹಕಾರ ಸಂಘದ ಮೂಲಕ ಕೊಂಡು ಉಳಿದವರಿಗೆ ದಾರಿ ತೋರಿಸಿದರು. ಯಾರ್ಕ್‌ಷೈರಿನ ಹಡ್ಸ್‌ವೆಲ್ ಎಂಬ ಹಳ್ಳಿಯಲ್ಲಿ 2008ರಲ್ಲಿ ಮುಚ್ಚಿದ ‘ಜಾರ್ಜ್ ಅಂಡ್ ಡ್ರಾಗನ್’ ಅನ್ನು ಊರಿನವರು 2010ರಲ್ಲಿ ಕೊಂಡು ತೆರೆದರು. ಬೇರೆ ಅಂಗಡಿಯಿಲ್ಲದ ಆ ಹಳ್ಳಿಗೆ ಅಲ್ಲಿಯೇ ಅಂಗಡಿ, ಅಲ್ಲಿಯೇ ಪುಸ್ತಕ ಭಂಡಾರ, ಹಿಂದೆ ಊರಿನವರು ತರಕಾರಿ ಬೆಳೆದುಕೊಳ್ಳುವ ತುಂಡು ಹೊಲಗಳು. 2016ರಲ್ಲಿ ಅದು ಬ್ರಿಟನ್ನಿಗೆಲ್ಲ ಅತ್ಯುತ್ತಮ ಪಾನಗೃಹವೆಂಬ ಪ್ರಶಸ್ತಿಯನ್ನು ಪಡೆಯಿತು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಬ್ರೈಟನ್ ನಗರದ ಅಂಚಿನಲ್ಲಿರುವ ‘ಬೆವಿ’ ಎಂಬ ಮನೆ. ಅದು ಇರುವುದು ಸಿರಿವಂತರ ಹಳ್ಳಿಯಲ್ಲಲ್ಲ. ಪೌರಸಭೆಯು ಬಡವರಿಗಾಗಿ ಕಟ್ಟಿಸಿದ ಮನೆಗಳ ಬಡಾವಣೆಯಲ್ಲಿ. ಹೊಡೆದಾಟ ಬಡಿದಾಟಗಳಿಗೆ ಕುಖ್ಯಾತವಾಗಿದ್ದ ಆ ಮನೆಯನ್ನು 2010ರಲ್ಲಿ ಪೊಲೀಸರೇ ಮುಚ್ಚಿಸಿದರು. ಅದೇ ಬಡಾವಣೆಯವರು ನೂರಾರು ಮಂದಿ ಪಾಲುದಾರರನ್ನು ಕೂಡಿಸಿ 2014ರಲ್ಲಿ ಮತ್ತೆ ತೆರೆದರು. ಒಂಟಿ ಮುದುಕರಿಗೆ ವಾರದ ಊಟದ ಕೂಟ, ಅಡಿಗೆಯ ತರಗತಿ, ತೋಟದ ಕೆಲಸ, ಇವೆಲ್ಲ ಅಲ್ಲಿ ನಡೆದವು. ಕಟ್ಟಡ ಅದೇ, ಬಿಯರೂ ಅದೇ, ಬದಲಾದದ್ದು ಒಡೆತನ. ಯಾರಿಗೂ ಸೇರದ ಮನೆಯಲ್ಲಿ ಕುಡಿದು ಕುರ್ಚಿ ಮುರಿಯುವವನು, ತನ್ನ ತಾಯಿಯೂ ನೆರೆಯವನೂ ಪಾಲುದಾರರಾಗಿರುವ ಮನೆಯಲ್ಲಿ ಕೈ ಎತ್ತುವ ಮುನ್ನ ಹಿಂದುಮುಂದು ನೋಡುತ್ತಾನೆ.

ಇಲ್ಲಿಗೆ ನಮ್ಮ ಆಕ್ಷೇಪಕರು ಸುಮ್ಮನಿರಲಾರರು, ಇರಬೇಕಾಗಿಯೂ ಇಲ್ಲ. ‘ಎಷ್ಟೇ ಒಳ್ಳೆಯ ಕೆಲಸ ಮಾಡಿದರೂ ಆ ಮನೆಯ ಒಲೆ ಉರಿಯುವುದು ಕುಡಿತದ ಹಣದಿಂದಲೇ ಅಲ್ಲವೆ? ಮುದುಕಿಗೆ ಊಟವಿಕ್ಕಲು ಅವಳ ಮಗನಿಗೆ ಮದ್ಯ ಮಾರುವುದು ಯಾವ ನ್ಯಾಯ?’ ಎಂದು ಕೇಳಿಯಾರು. ಪ್ರಶ್ನೆ ಸಾಧುವಾದದ್ದು, ಇದಕ್ಕೆ ಪೂರ್ಣ ಸಮಾಧಾನ ನಮ್ಮಲ್ಲಿಯೂ ಇಲ್ಲ. ಆದರೆ ಈ ಕಂಟಕವನ್ನು ಪಾಶ್ಚಾತ್ಯರಲ್ಲಿಯೇ ವಿವೇಕಿಗಳು ಬಹು ಹಿಂದೆ ಕಂಡಿದ್ದರು. ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದಲ್ಲಿ 1865ರಲ್ಲಿ ಹುಟ್ಟಿದ ಪದ್ಧತಿಯ ತಿರುಳು ಇಷ್ಟು: ಮದ್ಯ ಮಾರುವವನಿಗೆ ಹೆಚ್ಚು ಮಾರಬೇಕೆಂಬ ಆಸೆಯೇ ಇರಕೂಡದು. ಸ್ಕಾಟ್ಲೆಂಡಿನ ಗಣಿ ಊರುಗಳು ಇದನ್ನು ತಂದುಕೊಂಡಾಗ ಹಣ ಹೂಡಿದವರಿಗೆ ನೂರಕ್ಕೆ 5ರಂತೆ ಲಾಭಾಂಶಕ್ಕೆ ಮಿತಿ ಹಾಕಿ, ಉಳಿದದ್ದೆಲ್ಲ ಊರಿನ ಹಿತಕ್ಕೆ, ಉದ್ಯಾನಕ್ಕೆ, ಆಟದ ಬಯಲಿಗೆ, ವಾಚನಾಲಯಕ್ಕೆ ಎಂದು ವಿಧಿಸಿದರು. ನ್ಯೂಟನ್‌ಗ್ರೇಂಜ್ ಎಂಬ ಊರಿನಲ್ಲಿ 1899ರಲ್ಲಿ ಈ ತತ್ತ್ವದ ಮೇಲೆ ತೆರೆದ ‘ಡೀನ್ ಟ್ಯಾವರ್ನ್’, ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೂ ಉಳಿದುಕೊಂಡಿತು.

ಕುಡಿತವನ್ನು ಪೂರ್ಣವಾಗಿ ತೊಡೆಯುವವರೆಗೆ ಅದರ ಲಾಭ ಯಾರ ಜೇಬಿಗೆ ಹೋಗಬೇಕೆಂಬುದು ಅಪ್ರಸ್ತುತ ಪ್ರಶ್ನೆಯಲ್ಲ. ನಮ್ಮ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ 2023–24ರ ಒಂದೇ ವರ್ಷದಲ್ಲಿ 30,000 ಕೋಟಿ ರೂಪಾಯಿಗೂ ಮೀರಿ ಬಂದಿತು. ಕುಡಿದವನ ಊರಿಗೆ ಅದರಲ್ಲಿ ಎಷ್ಟು ಹಿಂದಿರುಗಿತೆಂದು ಕೇಳುವ ಹಕ್ಕು ಆ ಊರಿನ ಹೆಂಗಸರಿಗೆ ಉಂಟು. ಮದ್ಯದ ಆದಾಯವಿಲ್ಲದೆ ಬದುಕಲಾರೆನೆನ್ನುವ ಸರ್ಕಾರವು 47ನೆಯ ಅನುಚ್ಛೇದವನ್ನು ಪಠಿಸುವುದು ಬಾಯುಪಚಾರ. ಪರದೇಶದ ಪಾನಗೃಹದ ಕಡೆ ಬೆರಳು ತೋರಿಸುವ ಮುನ್ನ ನಮ್ಮ ಮನೆಯ ಲೆಕ್ಕವನ್ನು ನೋಡಿಕೊಳ್ಳೋಣ.

ಇನ್ನೊಂದು ಸಂಗತಿಯನ್ನು ಮುಚ್ಚಿಟ್ಟರೆ ನಾವು ವಾಚಕರಿಗೆ ವಂಚನೆ ಮಾಡಿದಂತಾಗುತ್ತದೆ. 2018ರ ಶರತ್ಕಾಲದಲ್ಲಿ ಇದೇ ಐವಿ ಹೌಸಿನ ಕೆಲಸಗಾರರು ಮುಷ್ಕರ ಹೂಡಿದರು. ಕೆಲವರನ್ನು ಕೆಲಸದಿಂದ ತೆಗೆದದ್ದು ಒಂದು ಕಾರಣ. ಅಲ್ಲಿ ‘ಶೂನ್ಯ ಗಂಟೆ’ಯ ಕರಾರು ಜಾರಿಯಲ್ಲಿದ್ದದ್ದು ಇನ್ನೊಂದು. ವಾರಕ್ಕೆ ಇಷ್ಟು ಗಂಟೆ ಕೆಲಸ ಕೊಡುತ್ತೇನೆಂದು ಧಣಿಯು ಮಾತು ಕೊಡುವುದಿಲ್ಲ. ಬೇಕಾದಾಗ ಕರೆಯುತ್ತಾನೆ, ಬೇಡವಾದಾಗ ಮನೆಯಲ್ಲಿರು ಎನ್ನುತ್ತಾನೆ. ಕರೆಯದ ವಾರ ಕೂಲಿಯಿಲ್ಲ. ಊರಿನವರ ಮನೆ, ಸಹಕಾರದ ತತ್ತ್ವ, ಸಮಾಜದ ಹಿತ ಎಂದೆಲ್ಲ ಬೋರ್ಡು ಹಾಕಿ, ಒಳಗೆ ತಟ್ಟೆ ಲೋಟ ಎತ್ತುವವನಿಗೆ ನಾಳಿನ ಭರವಸೆಯಿಲ್ಲವೆಂದರೆ, ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ ಎಂದಂತಾಯಿತು. ಸಂತೋಷದ ಮಾತೆಂದರೆ, ರೊಟ್ಟಿ ಮತ್ತು ಆಹಾರ ಕೆಲಸಗಾರರ ಸಂಘವು ಅವರ ಬೆನ್ನಿಗೆ ನಿಂತಿತು. ಕೆಲವೇ ದಿನಗಳಲ್ಲಿ ಆಡಳಿತದವರು ತೆಗೆದವರನ್ನು ಮರಳಿ ಸೇರಿಸಿಕೊಳ್ಳಲೂ ಆ ಕರಾರುಗಳನ್ನು ಕೈಬಿಡಲೂ ಒಪ್ಪಿದರು.

ಈ ಮುಷ್ಕರದಿಂದ ಐವಿ ಹೌಸಿನ ಕೀರ್ತಿಗೆ ಕುಂದು ಬಂದಿತೆಂದು ನಾವು ಹೇಳಲಾರೆವು; ಆದರೆ ಒಂದು ಭ್ರಮೆ ಹರಿಯಿತು. ಒಡೆತನ ಊರಿನ ಕೈಗೆ ಬಂದ ಮಾತ್ರಕ್ಕೆ ಧರ್ಮವು ತಾನಾಗಿ ನೆಲೆಸುವುದಿಲ್ಲ. ನೂರಾರು ಮಂದಿ ಸಜ್ಜನರೂ ಕೂಡಿ ಒಬ್ಬ ಕೆಟ್ಟ ಧಣಿಯಾಗಬಹುದು, ಏಕೆಂದರೆ ಎಲ್ಲರದೂ ಆದ ಹೊಣೆ ಯಾರದೂ ಅಲ್ಲವೆಂದು ತಿಳಿಯುವುದು ಸುಲಭ. ಪರಕೀಯರ ಕೈಯಿಂದ ರಾಜ್ಯವನ್ನು ಬಿಡಿಸಿಕೊಂಡ ಜನವಾದ ನಮಗೆ ಈ ಪಾಠ ಹೊಸದಲ್ಲ. ಸ್ವರಾಜ್ಯವು ಮೊದಲ ಮೆಟ್ಟಿಲು. ಸುರಾಜ್ಯಕ್ಕೆ ದಿನದಿನವೂ ದುಡಿಯಬೇಕು.

ಇದೆಲ್ಲ ಪರದೇಶದ ಪವಾಡವೆಂದು ಕೈಮುಗಿದು ಕುಳಿತುಕೊಳ್ಳುವುದು ನಮ್ಮ ಆಶಯವಲ್ಲ. ರಾಕ್‌ಡೇಲಿನ ಬೀಜ ಕನ್ನಡ ನೆಲದಲ್ಲಿ ಬಿದ್ದು ನೂರು ವರ್ಷಗಳ ಮೇಲಾಯಿತು. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಸ್ಥಾಪಿಸಿದರು. ಕಾಫಿ ಮಂಡಳಿಯು ತನ್ನ ಕಾಫಿ ಮನೆಗಳನ್ನು ಮುಚ್ಚಲು ಹೊರಟಾಗ, ಬೀದಿಗೆ ಬೀಳಲಿದ್ದ ಮಾಣಿಗಳೂ ಅಡಿಗೆಯವರೂ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿದರು. 1957ರಲ್ಲಿ ಅವುಗಳಲ್ಲಿ ಮೊದಲನೆಯದು ಸ್ಥಾಪಿತವಾದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿ ಮಾರಿದ್ದು ಮದ್ಯವಲ್ಲ, ಕಾಫಿ, ದುಡಿಯುವವನೇ ಒಡೆಯ. ಲಂಡನ್ನಿನ ಮುಷ್ಕರ ಕೇಳಿದ್ದ ಪ್ರಶ್ನೆಗೆ ಆರು ದಶಕಗಳ ಮುಂಚೆಯೇ ನಮ್ಮ ಮಾಣಿಗಳು ಉತ್ತರ ಕೊಟ್ಟಿದ್ದರೆಂದು ಹೆಮ್ಮೆಪಡಬಹುದು. ಆದರೆ ಅವರ ಕೈಯಲ್ಲಿ ಸಂಘವಿತ್ತೇ ಹೊರತು ಕಟ್ಟಡವಿರಲಿಲ್ಲ. 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ನೆಲೆಯನ್ನು ಅವರು ಬಿಡಬೇಕಾಯಿತು. ಬರಹಗಾರರೂ ವಿದ್ಯಾರ್ಥಿಗಳೂ ಮುದುಕರೂ ದಶಕಗಳ ಕಾಲ ಕುಳಿತು ಮಾತಾಡಿದ ಆ ಮನೆಯ ಬಾಗಿಲು ಮುಚ್ಚಿದಾಗ ನಾವೆಲ್ಲ ಮಾಡಿದ್ದೇನು? ಕೊನೆಯ ಕಾಫಿ ಕುಡಿದು, ಕಣ್ಣು ಒರಸಿಕೊಂಡು ಮನೆಗೆ ಹೋದೆವು. ನನ್‌ಹೆಡ್ಡಿನವರ ಕೈಯಲ್ಲಿದ್ದ ಆರು ತಿಂಗಳು ನಮ್ಮ ಕೈಯಲ್ಲಿರಲಿಲ್ಲ. ಇದ್ದಿದ್ದರೆ ನಾವು 371 ಮಂದಿ ಮುಂದೆ ಬರುತ್ತಿದ್ದೆವೇ ಎಂಬುದನ್ನು ನಮ್ಮ ಅಂತಃಸಾಕ್ಷಿಗೆ ಬಿಡುತ್ತೇವೆ.

ಆದುದರಿಂದ ನಮ್ಮ ಸೂಚನೆ ಎರಡು. ಸರ್ಕಾರಕ್ಕೆ ಹೇಳುವುದು ಇದು: ವಾಚನಾಲಯ, ನಾಟಕಶಾಲೆ, ಹಳೆಯ ಹೋಟೆಲು, ಗರಡಿಮನೆ ಮೊದಲಾಗಿ ಜನ ಕೂಡುವ ಸ್ಥಳಗಳನ್ನು ಪಟ್ಟಿಮಾಡಿ, ಅವು ಮಾರಾಟಕ್ಕೆ ಬಂದಾಗ ಊರಿನ ಸಂಘಗಳಿಗೆ ಆರು ತಿಂಗಳ ಅವಕಾಶ ಕೊಡುವ ಕಾಯಿದೆಯನ್ನು ತರಲಿ. ಇದರಿಂದ ಬೊಕ್ಕಸಕ್ಕೆ ಹೆಚ್ಚಿನ ವೆಚ್ಚವಿಲ್ಲ, ಒಡೆಯನಿಗೆ ಬೆಲೆಯಲ್ಲಿ ಅನ್ಯಾಯವಿಲ್ಲ. ಜನರಿಗೆ ಹೇಳುವುದು ಇದು: ಕಾಯಿದೆ ಬಂದರೂ ಅದು ಕಾಲವನ್ನು ಮಾತ್ರ ಕೊಡುತ್ತದೆ, ಹಣವನ್ನೂ ಮನಸ್ಸನ್ನೂ ನಾವೇ ಕೊಡಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸವನ್ನು ಬಿಟ್ಟು, ಬಾಗಿಲು ತೆರೆದಿರುವಾಗಲೇ ಸಂಘ ಕಟ್ಟಬೇಕು. ಕಟ್ಟಿದ ಮೇಲೆ ಲೋಟ ತೊಳೆಯುವವನ ಕೂಲಿಯನ್ನು ಮೊದಲು ವಿಚಾರಿಸಬೇಕು.

ಆಂಗ್ಲರ ಹೆಂಡ ನಮಗೆ ಬೇಡ. ಆದರೆ ತಾವು ಕೂಡುವ ಮನೆಯನ್ನು ಮಾರಗೊಡೆವೆಂದು ಹಟ ಹಿಡಿದ ಆ 371 ಮಂದಿಯ ಛಲ ಬೇಕು. ಈಚಲ ಮರದ ಕೆಳಗೆ ಸಿಕ್ಕಿತೆಂದು ಒಳ್ಳೆಯ ಮಜ್ಜಿಗೆಯನ್ನು ಚೆಲ್ಲುವುದು ಜಾಣತನವಲ್ಲ.